ಮುಖ ಅದೇ, ಹೆಸರು ಬೇರೆ: ಅಮೆರಿಕದ ಹಗಲು ಧಾರಾವಾಹಿಗಳ ಪಾತ್ರ ಗೋಜಲು

ಮೈಕಲ್ ಈಸ್ಟನ್ ಎಂಬ ನಟ ಪೋರ್ಟ್ ಚಾರ್ಲ್ಸ್ ಎಂಬ ಒಂದೇ ಕಾಲ್ಪನಿಕ ಊರಿನಲ್ಲಿ ಮೊದಲು ರಕ್ತಪಿಶಾಚಿಯಾಗಿದ್ದರು. ಆಮೇಲೆ ಪೊಲೀಸ್ ಅಧಿಕಾರಿಯಾದರು, ಕ್ಯಾನ್ಸರ್ ವೈದ್ಯರಾದರು, ಕೊನೆಗೆ ಸೋಂಕು ರೋಗಗಳ ತಜ್ಞರಾದರು. ನಾಲ್ಕೂ ಬೇರೆ ಬೇರೆ ಪಾತ್ರಗಳು. ಈ ಊರಿನಲ್ಲೇ ನಡೆಯುವ ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯನ್ನು ಹೊಸದಾಗಿ ನೋಡಲು ಕೂತವರಿಗೆ ಇದೊಂದು ತಮಾಷೆ. ದಶಕಗಳಿಂದ ನೋಡುತ್ತ ಬಂದವರಿಗೆ ಹಾಗಲ್ಲ. ಸತ್ತವನ ಮುಖ ಹೊತ್ತು ಇನ್ನೊಬ್ಬ ಬಂದಾಗ ಅಳಬೇಕೋ ನಗಬೇಕೋ ಎನ್ನುವುದು ಅವರ ಪಾಲಿಗೆ ನಿಜವಾದ ಪ್ರಶ್ನೆ.

ಈ ಪ್ರಶ್ನೆ ರೇಡಿಯೊ ಕಾಲದಲ್ಲಿ ಇರಲಿಲ್ಲ. 1937ರಲ್ಲಿ ರೇಡಿಯೊದಲ್ಲಿ ಆರಂಭವಾದ ‘ಗೈಡಿಂಗ್ ಲೈಟ್’ 1952ರಲ್ಲಿ ಟೀವಿಗೆ ಬಂದು 2009ರವರೆಗೆ ನಡೆಯಿತು. ಒಂದು ಕಥೆ ಎಪ್ಪತ್ತೆರಡು ವರ್ಷ ಓಡಿದರೆ ಪಾತ್ರಧಾರಿಗಳು ಬದಲಾಗದೆ ವಿಧಿಯಿಲ್ಲ. ಧ್ವನಿ ಬದಲಾದರೆ ಕೇಳುಗರು ಒಂದೆರಡು ವಾರದಲ್ಲಿ ಹೊಂದಿಕೊಳ್ಳಬಹುದು, ಮುಖದ ವಿಷಯ ಹಾಗಲ್ಲ. ಟೀವಿಯವರು ಅದಕ್ಕೊಂದು ಸರಳ ಉಪಾಯ ಕಂಡುಕೊಂಡರು. ‘ಇಂಥ ಪಾತ್ರವನ್ನು ಇನ್ನು ಮುಂದೆ ಇಂಥವರು ನಿರ್ವಹಿಸುತ್ತಾರೆ’ ಎಂದು ಹಿನ್ನೆಲೆ ಧ್ವನಿಯೊಂದು ಹೇಳುತ್ತಿತ್ತು, ಕಥೆ ಮುಂದುವರಿಯುತ್ತಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ಪ್ರಾಮಾಣಿಕವಾದ ದಾರಿಯನ್ನು ಆಮೇಲೆ ಯಾರೂ ಕಂಡುಹಿಡಿಯಲಿಲ್ಲ.

ತಿರುಗುಮುರುಗಾದ ಪ್ರಯೋಗ, ಅಂದರೆ ಪಾತ್ರ ಹೊಸದು, ನಟ ಹಳಬ, ದೊಡ್ಡ ಪ್ರಮಾಣದಲ್ಲಿ ನಡೆದದ್ದು ‘ಡಾರ್ಕ್ ಶಾಡೋಸ್’ನಲ್ಲಿ. 1966ರಿಂದ 1971ರವರೆಗೆ ನಡೆದ ಈ ಧಾರಾವಾಹಿ 1967ರ ಕೊನೆಗೆ ಕಥೆಯನ್ನು 1795ಕ್ಕೆ ಒಯ್ದು, ಅದೇ ನಟವರ್ಗಕ್ಕೆ ಪೂರ್ವಜರ ವೇಷ ಹಾಕಿಸಿತು. ನಾಟಕ ಕಂಪನಿಯಲ್ಲಿ ನಿನ್ನೆ ರಾಜನಾದವನು ಇಂದು ಮಂತ್ರಿಯಾಗುವ ಹಾಗೆ. ಪ್ರೇಕ್ಷಕರು ತಕರಾರಿಲ್ಲದೆ ಒಪ್ಪಿದರು, ಏಕೆಂದರೆ ಆಟದ ನಿಯಮ ಏನೆಂದು ಅವರಿಗೆ ಮೊದಲೇ ಗೊತ್ತಾಗಿತ್ತು.

ಗೋಜಲು ಶುರುವಾಗುವುದು ಆ ನಿಯಮವನ್ನು ಹೇಳದೆ ಬಿಟ್ಟಾಗ. ‘ಡೇಸ್ ಆಫ್ ಅವರ್ ಲೈವ್ಸ್’ನ ರೋಮನ್ ಬ್ರೇಡಿಯನ್ನೇ ನೋಡಿ. 1981ರಲ್ಲಿ ಈ ಪಾತ್ರಕ್ಕೆ ಬಂದವರು ವೇಯ್ನ್ ನಾರ್ತ್‌ರಪ್. ಅವರು 1984ರಲ್ಲಿ ಬಿಟ್ಟರು, ರೋಮನ್ ಸತ್ತನೆಂದಾಯಿತು. 1986ರಲ್ಲಿ ಮುಖಕ್ಕೆಲ್ಲ ಬ್ಯಾಂಡೇಜ್ ಸುತ್ತಿಕೊಂಡ ಅಪರಿಚಿತನೊಬ್ಬ ಬಂದ. ಬಿಚ್ಚಿದರೆ ಒಳಗಿದ್ದವರು ಡ್ರೇಕ್ ಹೋಗೆಸ್ಟಿನ್. ಇವನೇ ರೋಮನ್, ಪ್ಲಾಸ್ಟಿಕ್ ಸರ್ಜರಿಯಾಗಿದೆ ಎಂದರು. ಐದು ವರ್ಷ ಜನ ನಂಬಿದರು. 1991ರಲ್ಲಿ ನಾರ್ತ್‌ರಪ್ ಮರಳಲು ಒಪ್ಪಿದ್ದೇ ತಡ, ಇಷ್ಟು ದಿನ ಇದ್ದವನು ರೋಮನ್ನೇ ಅಲ್ಲ, ಜಾನ್ ಬ್ಲ್ಯಾಕ್ ಎಂಬ ಬೇರೊಬ್ಬ ಎಂದಾಯಿತು. ಹಾಗಾದರೆ ಆ ಐದು ವರ್ಷದ ಸಂಸಾರ? ಅದನ್ನು ಬಿಡಿಸುತ್ತ ಕಥೆಗಾರರು ಇನ್ನೂ ಹಲವು ವರ್ಷ ಬದುಕಿದರು.

ಇಲ್ಲಿಗೇ ಮುಗಿಯಲಿಲ್ಲ. 1997ರಲ್ಲಿ ರೋಮನ್ ಆಗಿ ಬಂದವರು ಜಾಶ್ ಟೇಲರ್. ಅವರು 1977ರಿಂದ 1987ರವರೆಗೆ ಇದೇ ಧಾರಾವಾಹಿಯಲ್ಲಿ ಕ್ರಿಸ್ ಕೊಸಿಚೆಕ್ ಎಂಬ ಇನ್ನೊಂದು ಪಾತ್ರದಲ್ಲಿದ್ದರು. ಅಂದರೆ ಮೊದಲ ರೋಮನ್ ಇದ್ದಾಗಲೇ ಮೂರನೇ ರೋಮನ್ ಕೂಡ ಬೇರೆ ಹೆಸರಿನಲ್ಲಿ ಅದೇ ಊರಲ್ಲಿ ಓಡಾಡಿಕೊಂಡಿದ್ದರು! 2005ರಲ್ಲಿ ನಾರ್ತ್‌ರಪ್ ಮತ್ತೆ ಬಂದಾಗ ಟೇಲರ್ ರೋಮನ್ ಆಗಿಯೇ ಇದ್ದರು. ಹಾಗಾಗಿ ಮೂಲ ರೋಮನ್‌ಗೆ ಅಲೆಕ್ಸ್ ನಾರ್ತ್ ಎಂಬ ವೈದ್ಯನ ಪಾತ್ರ ಕೊಟ್ಟರು.

ಇದಕ್ಕೆಲ್ಲ ಕಾರಣ ತೀರಾ ಲೌಕಿಕವಾದದ್ದು. ದಿನಕ್ಕೊಂದು ಕಂತು ಬೇಕು, ಹತ್ತಾರು ಪುಟ ಸಂಭಾಷಣೆ ಒಂದೇ ದಿನದಲ್ಲಿ ಚಿತ್ರೀಕರಣವಾಗಬೇಕು. ಈ ವೇಗ ಎಲ್ಲ ನಟರ ಕೈಲಾಗುವುದಿಲ್ಲ. ಕೈಲಾಗುತ್ತದೆ ಎಂದು ತೋರಿಸಿಕೊಟ್ಟವರನ್ನು ಬಿಡಲು ನಿರ್ಮಾಪಕರಿಗೆ ಮನಸ್ಸು ಬಾರದು. ಆದರೆ ಒಪ್ಪಂದ ಹಲವು ವರ್ಷಗಳದ್ದಾದರೂ 13 ಅಥವಾ 26 ವಾರಕ್ಕೊಮ್ಮೆ ಕೈಬಿಡುವ ಅವಕಾಶ ನಿರ್ಮಾಪಕರಿಗೆ ಮಾತ್ರ. ಹೀಗೆ ಪಾತ್ರ ಆಗಾಗ ಸಾಯುತ್ತದೆ, ನಟರು ಬೇಕಾಗಿಯೇ ಇರುತ್ತಾರೆ.

ನಟರೇ ಹಳೆಯ ಹೆಸರು ಬೇಡವೆಂದದ್ದೂ ಉಂಟು. 1981ರಲ್ಲಿ ‘ಜನರಲ್ ಹಾಸ್ಪಿಟಲ್’ನ ಲೂಕ್–ಲಾರಾ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದ್ದರು. ಆ ಲೂಕ್, ಅಂದರೆ ಆಂಥೊನಿ ಗಿಯರಿ, 1991ರಲ್ಲಿ ಮರಳಿದ್ದು ಲೂಕ್‌ನನ್ನೇ ಹೋಲುವ ಸೋದರ ಸಂಬಂಧಿ ಬಿಲ್ ಎಕರ್ಟ್ ಆಗಿ. ಗಿಯರಿ ಅವರ ಅಭಿನಯದಲ್ಲಿ ಕೊರತೆಯಿರಲಿಲ್ಲ, ಆದರೆ ಜನಕ್ಕೆ ಬೇಕಾಗಿದ್ದವನು ಲೂಕ್. 1993ರಲ್ಲಿ ಲೂಕ್ ಬಂದ, ಬಿಲ್ ಸತ್ತ.

ಇನ್ನು 2011ರಿಂದ 2013ರವರೆಗಿನ ಅಧ್ಯಾಯ. ಇದನ್ನು ನಿಧಾನವಾಗಿಯೇ ಹೇಳಬೇಕು. ‘ಒನ್ ಲೈಫ್ ಟು ಲಿವ್’ನ ಟಾಡ್ ಮ್ಯಾನಿಂಗ್ ಪಾತ್ರವನ್ನು 1992ರಿಂದ ರೋಜರ್ ಹೋವಾರ್ತ್ ಮಾಡಿದ್ದರು. 2003ರಲ್ಲಿ ಪ್ಲಾಸ್ಟಿಕ್ ಸರ್ಜರಿಯ ನೆಪದಲ್ಲಿ ಅದು ಟ್ರೆವರ್ ಸೇಂಟ್ ಜಾನ್ ಪಾಲಾಯಿತು. 2011ರಲ್ಲಿ ಹೋವಾರ್ತ್ ಮರಳಿದಾಗ, ಸೇಂಟ್ ಜಾನ್ ಮಾಡುತ್ತಿದ್ದದ್ದು ಟಾಡ್ ಅಲ್ಲ, ಅವನ ಅವಳಿ ವಿಕ್ಟರ್ ಎಂದು ಹೇಳಲಾಯಿತು. ಎಂಟು ವರ್ಷದ ಕಥೆ ಒಂದೇ ಏಟಿಗೆ ಬೇರೊಬ್ಬನ ಖಾತೆಗೆ ಜಮಾ ಆಯಿತು.

ಅಷ್ಟರಲ್ಲಿ ಎಬಿಸಿ ವಾಹಿನಿ ಈ ಧಾರಾವಾಹಿಯನ್ನೇ ನಿಲ್ಲಿಸುವುದಾಗಿ 2011ರ ಏಪ್ರಿಲ್‌ನಲ್ಲಿ ಘೋಷಿಸಿತ್ತು. ಹಕ್ಕುಗಳನ್ನು ಪ್ರಾಸ್ಪೆಕ್ಟ್ ಪಾರ್ಕ್ ಎಂಬ ಸಂಸ್ಥೆ ಪಡೆಯಿತು. 2012ರ ಜನವರಿಯಲ್ಲಿ ಕೊನೆಯ ಕಂತು ಪ್ರಸಾರವಾಯಿತು. ಟಾಡ್, ಅವನ ಮಗಳು ಸ್ಟಾರ್, ಈಸ್ಟನ್ ಮಾಡುತ್ತಿದ್ದ ಪೊಲೀಸ್ ಅಧಿಕಾರಿ ಜಾನ್ ಮೆಕ್‌ಬೇನ್ ಅದೇ ವರ್ಷ ‘ಜನರಲ್ ಹಾಸ್ಪಿಟಲ್’ಗೆ ವಲಸೆ ಬಂದರು. 2013ರಲ್ಲಿ ಪ್ರಾಸ್ಪೆಕ್ಟ್ ಪಾರ್ಕ್ ಹಳೆಯ ಧಾರಾವಾಹಿಯನ್ನು ಅಂತರ್ಜಾಲದಲ್ಲಿ ಮರಳಿ ಶುರುಮಾಡಿದಾಗ ಪಾತ್ರಗಳು ಯಾರವು ಎಂಬ ಜಗಳ ಕೋರ್ಟ್ ಮೆಟ್ಟಿಲೇರಿತು.

ಪಾತ್ರ ಸಂಸ್ಥೆಯ ಆಸ್ತಿ. ಆದರೆ ಮುಖ ನಟರದ್ದು, ಮತ್ತು ನಟರ ಒಪ್ಪಂದ ‘ಜನರಲ್ ಹಾಸ್ಪಿಟಲ್’ ಜತೆಗಿತ್ತು. ಹೀಗಾಗಿ ಮೂರೂ ಪಾತ್ರಗಳು ಊರು ಬಿಟ್ಟವು, 2013ರ ಮೇ ತಿಂಗಳಲ್ಲಿ ಅದೇ ಮೂವರು ನಟರು ಹೊಸ ಹೆಸರುಗಳಲ್ಲಿ ಊರಿಗೆ ಬಂದರು. ಹೋವಾರ್ತ್ ಫ್ರಾಂಕೊ ಆದರು. ಅದು 2009ರಲ್ಲಿ ಸಿನಿಮಾ ನಟ ಜೇಮ್ಸ್ ಫ್ರಾಂಕೊ ಮಾಡಿದ್ದ ಖಳನ ಪಾತ್ರ. ಈಸ್ಟನ್ ಕ್ಯಾನ್ಸರ್ ವೈದ್ಯ ಸೈಲಸ್ ಕ್ಲೇ ಆದರು. ಆರು ವರ್ಷದ ಮಗುವಾಗಿದ್ದಾಗಿನಿಂದ ಸ್ಟಾರ್ ಆಗಿಯೇ ಬೆಳೆದಿದ್ದ ಕ್ರಿಸ್ಟನ್ ಆಲ್ಡರ್ಸನ್ ಕಿಕಿ ಎಂಬ ಹುಡುಗಿಯಾದರು. ಕಿಕಿ ಫ್ರಾಂಕೊನ ಮಗಳೆಂದು ಮೊದಲು ಹೇಳಿದರು, ಆಮೇಲೆ ಅವಳ ತಂದೆ ಸೈಲಸ್ ಎಂದಾಯಿತು. ವಕೀಲರು ಗೆರೆ ಎಳೆದರು, ಕಥೆಗಾರರು ಅದರೊಳಗೆ ಬಣ್ಣ ತುಂಬಿದರು. ಇಲ್ಲಿ ಯಾರ ಕಡೆ ಬೆರಳು ತೋರಿಸುವುದೂ ಕಷ್ಟ. ಪ್ರತಿಯೊಬ್ಬರ ನಿರ್ಧಾರಕ್ಕೂ ಅವರದೇ ತರ್ಕವಿತ್ತು. ವೀಕ್ಷಕರ ಹದಿನೈದು ವರ್ಷದ ನೆನಪಿಗೆ ಮಾತ್ರ ಯಾವ ಒಪ್ಪಂದದಲ್ಲೂ ಜಾಗವಿರಲಿಲ್ಲ.

ಒಮ್ಮೆ ದಾರಿ ಸಿಕ್ಕ ಮೇಲೆ ಅದು ರೂಢಿಯಾಯಿತು. ಸೈಲಸ್ 2015ರಲ್ಲಿ ಕೊಲೆಯಾದ, 2016ರಲ್ಲಿ ಈಸ್ಟನ್ ವೈದ್ಯ ಫಿನ್ ಆಗಿ ಬಂದರು. ಫ್ರಾಂಕೊ 2021ರಲ್ಲಿ ಸತ್ತ, ಹೋವಾರ್ತ್ ಅದೇ ವರ್ಷ ಆಸ್ಟಿನ್ ಆದರು. ಈ ಸಲ ಕೋರ್ಟಿನ ಒತ್ತಡವೇನೂ ಇರಲಿಲ್ಲ. ಅತ್ತ ಮಿಶೆಲ್ ಸ್ಟಾಫರ್ಡ್ ‘ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್’ನ ಫಿಲಿಸ್ ಪಾತ್ರ ಬಿಟ್ಟು ‘ಜನರಲ್ ಹಾಸ್ಪಿಟಲ್’ನ ನೀನಾ ಆದರು. 2019ರಲ್ಲಿ ಅವರು ಫಿಲಿಸ್ ಆಗಿ ವಾಪಸಾದಾಗ, ಅಲ್ಲಿಯವರೆಗೆ ಫಿಲಿಸ್ ಆಗಿದ್ದ ಜೀನಾ ಟೊನ್ಯೋನಿ ಜಾಗ ಖಾಲಿಮಾಡಬೇಕಾಯಿತು. ನೀನಾ ಪಾತ್ರ ಸಿಂಥಿಯಾ ವಾಟ್ರೋಸ್ ಪಾಲಾಯಿತು.

ಧಾರಾವಾಹಿಗಳ ಸಂಖ್ಯೆ 2012ರ ಹೊತ್ತಿಗೆ ನಾಲ್ಕಕ್ಕೆ ಇಳಿದಿತ್ತು. ಅವುಗಳಲ್ಲಿ ‘ಡೇಸ್’ 2022ರಲ್ಲಿ ವಾಹಿನಿ ಬಿಟ್ಟು ಪೀಕಾಕ್ ಎಂಬ ಸ್ಟ್ರೀಮಿಂಗ್ ವೇದಿಕೆಗೆ ಹೋಯಿತು. ನಾಲ್ಕೇ ಮನೆ ಉಳಿದಾಗ ಹಳಬರೇ ಆ ಮನೆ ಈ ಮನೆ ಓಡಾಡುವುದು ಸಹಜ, ಹೊಸಬರಿಗೆ ಬಾಗಿಲು ಅಷ್ಟರಮಟ್ಟಿಗೆ ಕಿರಿದಾಗುವುದೂ ಸಹಜವೇ. 2025ರ ಫೆಬ್ರವರಿಯಲ್ಲಿ ಸಿಬಿಎಸ್ ವಾಹಿನಿ ಬಹಳ ವರ್ಷಗಳ ನಂತರ ‘ಬಿಯಾಂಡ್ ದಿ ಗೇಟ್ಸ್’ ಎಂಬ ಹೊಚ್ಚಹೊಸ ಹಗಲು ಧಾರಾವಾಹಿ ಆರಂಭಿಸಿತು. ಅದರ ಮನೆತನದ ಹಿರಿಯಳಾಗಿ ಆರಿಸಿದ್ದು ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ನಲ್ಲಿ ವಕೀಲೆ ಜೆಸಿಕಾ ಆಗಿ ಜನರಿಗೆ ಪರಿಚಿತರಾಗಿದ್ದ ತಮಾರಾ ಟ್ಯೂನಿ ಅವರನ್ನು.