ಕಸ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರ ಆಗುವುದರೊಳಗೆ ವಾಟ್ಸಾಪ್ ಗ್ರೂಪಿಗೆ ಆ ಸಂದೇಶ ಬಂದೇ ಬರುತ್ತದೆ. ‘ಬೆಸ್ಟ್ ಔಟ್ ಆಫ್ ವೇಸ್ಟ್’, ಅಂದರೆ ಕಸದಿಂದ ಏನಾದರೂ ಚೆಂದದ್ದು ಮಾಡುವ ಪ್ರಾಜೆಕ್ಟ್, ಶುಕ್ರವಾರದೊಳಗೆ ತನ್ನಿ. ಕೆಳಗೊಂದು ಪಟ್ಟಿ: ಥರ್ಮಾಕೋಲ್ ಶೀಟ್, ಐಸ್‌ಕ್ರೀಮ್ ಕಡ್ಡಿ ಒಂದು ಪ್ಯಾಕೆಟ್, ಗ್ಲಿಟರ್, ಬಣ್ಣದ ಟೇಪ್, ಖಾಲಿ ಬಾಟಲಿ ಎರಡು.

ಹೋದ ವರ್ಷ ರಾತ್ರಿ ಒಂಬತ್ತು ಗಂಟೆಗೆ ಮುಂಬೈಯ ಸಾಯನ್‌ನ ಒಂದು ಸ್ಟೇಷನರಿ ಅಂಗಡಿ ಮುಂದೆ ನಿಂತಿದ್ದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಪಕ್ಕದಲ್ಲಿದ್ದ ಹೆಂಗಸು ತಿರುಗಿದರು. ಕಲಬುರಗಿ ಕಡೆಯವರು. ‘ಅಕ್ಕಾರ, ಸಾಲ್ಯಾಗ ಕಸ ತರ್ರಿ ಅಂದಾರ. ಕಸ ಯಾ ಅಂಗಡ್ಯಾಗ ಸಿಗ್ತದ್ರೀ?’ ಕೈಯಲ್ಲಿ ತಂಪು ಪಾನೀಯದ ಎರಡು ತುಂಬಿದ ಬಾಟಲಿ. ಖಾಲಿ ಬಾಟಲಿ ಬೇಕಲ್ಲ, ಅದಕ್ಕೇ ಕೊಂಡಿದ್ದರು. ಮಕ್ಕಳಿಗೆ ಈಗಲೇ ಕುಡಿಸಿ ಖಾಲಿ ಮಾಡಬೇಕಂತೆ.

ನಾನು ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವಳು, ಈಗ ಟೀಚರುಗಳಿಗೆ ತರಬೇತಿ ಕೊಡುತ್ತೇನೆ. ತಾಳ್ಮೆ ಇದೆ ಅಂದುಕೊಂಡಿದ್ದೇನೆ. ಆದರೆ ಈ ಒಂದು ವಿಷಯಕ್ಕೆ ಮಾತ್ರ ಅದು ಸಾಲುವುದಿಲ್ಲ.

ದುಡ್ಡು ಕೊಟ್ಟು ತಂದದ್ದು ಕಸ ಅಲ್ಲ. ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ತರಬೇತಿಯಲ್ಲಿ ಎಲ್ಲರೂ ತಲೆ ಆಡಿಸಿ ಹೋಗಿ ಮಾರನೇ ವಾರ ಅದೇ ಪಟ್ಟಿ ಕಳಿಸುತ್ತಾರೆ. ಮನೆಯಲ್ಲಿ ಬಳಸಿ ಮುಗಿದು ಇನ್ನೇನು ಬಿಸಾಡಬೇಕು ಅನ್ನುವಂಥದ್ದು ಕಸ. ಪ್ಯಾಕೆಟ್ ಒಡೆದು ತೆಗೆದ ಹೊಸ ಕಡ್ಡಿ ಕಸ ಅಲ್ಲ. ಕುಡಿಯುವ ಆಸೆಯೇ ಇಲ್ಲದೆ ಖಾಲಿ ಮಾಡಿದ ಬಾಟಲಿಯೂ ಅಲ್ಲ. ಇನ್ನು ನಿಜವಾಗಿಯೂ ಹಳೆಯದಾದ ಬಾಟಲಿಯನ್ನೇ ತಂದಿರಿ ಅನ್ನಿ, ಅದಕ್ಕೆ ಗೋಂದು ಬಳಿದು, ಗ್ಲಿಟರ್ ಅಂಟಿಸಿ, ಟೇಪ್ ಸುತ್ತಿದ ಮೇಲೆ ಗುಜರಿ ಕೊಳ್ಳುವ ಭಂಗಾರ್‌ವಾಲಾ ಕೂಡ ಅದನ್ನು ಬೇಡ ಅನ್ನುತ್ತಾನೆ. ಅಂದರೆ ಮತ್ತೆ ಬಳಕೆಗೆ ಬರಬಹುದಾಗಿದ್ದ ವಸ್ತುವನ್ನು ನಾವೇ ಪಕ್ಕಾ ಕಸ ಮಾಡಿ, ಮೇಲೆ ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಕೊಟ್ಟೆವು. ಥರ್ಮಾಕೋಲ್ ಕತೆಯಂತೂ ಕೇಳಲೇಬೇಡಿ. ಮಹಾರಾಷ್ಟ್ರ 2018ರಲ್ಲೇ ಅದರ ಮೇಲೆ ನಿರ್ಬಂಧ ಹಾಕಿತು, ಅಲಂಕಾರದ ಥರ್ಮಾಕೋಲ್ ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಬಂದ್. ಪರಿಸರದ ಪಾಠಕ್ಕೆ ಮಾತ್ರ ಇನ್ನೂ ಬೇಕು!

ಪಾಠ ಬಿಡಿ ಅಂತ ನಾನು ಹೇಳುತ್ತಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟೇ ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂದಿದೆ. ಆದರೆ ‘ನನಗೆ ಎಲ್ಲ ಮಕ್ಕಳೂ ಒಂದೇ, ಎಲ್ಲರಿಗೂ ಒಂದೇ ಪಟ್ಟಿ’ ಅನ್ನುವ ಟೀಚರುಗಳೇ, ಆ ಪಟ್ಟಿ ಒಬ್ಬರ ಮನೆಯಲ್ಲಿ ಪುಡಿಗಾಸು, ಇನ್ನೊಬ್ಬರ ಮನೆಯಲ್ಲಿ ಒಂದು ದಿನದ ಕೂಲಿಯ ಪಾಲು. ಅದು ಸಮಾನತೆ ಹೇಗಾದೀತು?

ನಮ್ಮ ಕ್ಲಾಸಿನಲ್ಲಿ ಹಿಂದೊಮ್ಮೆ ಏಳನೇ ಇಯತ್ತೆಯ ಹುಡುಗನೊಬ್ಬ ‘ನಮ್ಮನೇದು ಭಂಗಾರ್ ಕೆಲಸ’ ಅಂದಿದ್ದ. ನಾನು ಊರಿನ ಕಿವಿಯಲ್ಲಿ ‘ಬಂಗಾರ’ ಅಂತ ಕೇಳಿಸಿಕೊಂಡು, ಅಕ್ಕಸಾಲಿಗರ ಮನೆ ಇರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವನ ತಾಯಿ ಧಾರಾವಿಯ 13ನೇ ಕಂಪೌಂಡ್‌ನಲ್ಲಿ ಪ್ಲಾಸ್ಟಿಕ್ ಬೇರೆ ಮಾಡುವವರು. ಮುರಿದ ಸದ್ದು ಕೇಳಿ, ನೀರಿಗೆ ಹಾಕಿ ನೋಡಿ, ಯಾವುದು ಯಾವ ಜಾತಿ ಪ್ಲಾಸ್ಟಿಕ್ ಅಂತ ಹೇಳಬಲ್ಲವರು. ನಾನು ಖುಷಿಯ ಭರದಲ್ಲಿ ಇಡೀ ಕ್ಲಾಸಿನ ಮುಂದೆ ಅದನ್ನು ಹೇಳಿಬಿಟ್ಟೆ. ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ. ತಪ್ಪು ನನ್ನದೇ. ಮಗುವಿನ ಮನೆಯ ಅನುಭವ ಪಾಠಕ್ಕೆ ಬರಬೇಕು ನಿಜ, ಆದರೆ ಮೊದಲು ಆ ಮಗುವನ್ನು, ಮನೆಯವರನ್ನು ಕೇಳಬೇಕು. ಎಲ್ಲ ಕ್ಲಾಸಿಗೂ ಇದು ಹೊಂದುತ್ತೆ ಅಂತಲೂ ಹೇಳಲಾರೆ.

ಈಗ ನಾನು ಬೇರೆ ತರಹ ಶುರು ಮಾಡಿಸುತ್ತೇನೆ. ‘ನಿಮ್ಮ ಮನೆಯಲ್ಲಿ ಏನೇನು ಬಿಸಾಡುವುದಿಲ್ಲ?’ ಇಷ್ಟೇ ಪ್ರಶ್ನೆ. ಅಜ್ಜಿ ಹಳೇ ಸೀರೆಯಲ್ಲಿ ಕೌದಿ ಹೊಲಿಯುತ್ತಾಳೆ ಅಂತ ಒಬ್ಬಳು. ‘ನಾವು ಗೋಧಡಿ ಅಂತೀವಿ’ ಅಂತ ಮರಾಠಿ ಹುಡುಗಿ. ತುಳು ಮಾತಾಡುವವನಿಗೆ ಊರಿನ ತೆಂಗಿನ ಗೆರಟೆ ನೆನಪಾಗುತ್ತದೆ. ಆಗ ಭಂಗಾರ್ ಮನೆಯ ಮಗು ತಾನಾಗಿಯೇ ಬಾಯಿ ಬಿಟ್ಟರೆ ಬಿಡಲಿ. ಬಿಡದಿದ್ದರೆ ಸುಮ್ನೆ ಮುಂದೆ ಹೋಗಿ.

ಆ ಹುಡುಗ ನಾಲ್ಕನೇ ದಿನ ಬಂದ. ಕ್ಷಮೆ ಕೇಳಿದೆ. ಎರಡು ತಿಂಗಳು ಬಿಟ್ಟು, ಅವನೇ ಒಪ್ಪಿದ ಮೇಲೆ, ಅವನ ತಾಯಿ ಕ್ಲಾಸಿಗೆ ಬಂದರು. ಒಂದು ಬಕೆಟ್ ನೀರು, ಒಂದು ಹಳೇ ನೀರಿನ ಬಾಟಲಿ, ಕತ್ತರಿ. ಬಾಟಲಿ ಕತ್ತರಿಸಿದ ಚೂರು ಹಾಕಿ ಒತ್ತಿದರು, ಮುಳುಗಿತು. ಮುಚ್ಚಳ ಹಾಕಿದರು, ತೇಲಿತು. ‘ಎರಡೂ ಒಂದೇ ಬಾಟಲ್ದು, ಮಾಲು ಬ್ಯಾರೆ ಬ್ಯಾರೆ. ಕೂಡಿಸಿದ್ರ ರೇಟ್ ಬರಂಗಿಲ್ರೀ’ ಅಂದರು. ಬಾಟಲಿಯ ಪ್ಲಾಸ್ಟಿಕ್, ಅಂದರೆ ಪೆಟ್ (PET), ನೀರಿಗಿಂತ ಭಾರ, ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ. ನಾನು ಸಾಂದ್ರತೆ ಅಂತ ಬೋರ್ಡಿನ ಮೇಲೆ ಬರೆದು ಸೂತ್ರ ಹಾಕಿದೆ, ನನ್ನ ಕೆಲಸ ಅಷ್ಟೇ ಇತ್ತು. ಸುಟ್ಟು ವಾಸನೆ ನೋಡುವ ವಿದ್ಯೆಯೂ ಅವರಿಗೆ ಗೊತ್ತು, ಅದನ್ನು ಮಾತ್ರ ಮಾಡಿಸಲಿಲ್ಲ. ನೀವೂ ಮಾಡಿಸಬೇಡಿ. ಪಿವಿಸಿ ಅನ್ನುವ ಪ್ಲಾಸ್ಟಿಕ್‌ನ ಹೊಗೆ ವಿಷ.

ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. ‘ಟೀಚರ್, ಬಾಟಲಿ ಮುಳುಗುತ್ತೆ ಅಂದ್ರೆ ಮೀಠಿ ನದಿಯಲ್ಲಿ ಅಷ್ಟೊಂದು ಬಾಟಲಿ ಹೇಗೆ ತೇಲ್ತಾವೆ?’

ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗ ಎದ್ದು ನಿಂತ. ‘ಬೂಚ್ ಹಾಕಿರ್ತಾರಲ್ಲ, ಒಳಗೆ ಗಾಳಿ!’