ಕೆನೆಬಣ್ಣವೋ, ಕಡುನೀಲಿಯೋ?

ಹಳೇ ದಾವಣಗೆರೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಎಷ್ಟೋ ಒಳಕೋಣೆಗಳಿಗೆ ಒಂದೇ ಕಿಟಕಿ. ಅಂಥ ಕೋಣೆಗೆ ಕೆನೆಬಣ್ಣ ಹೊಡೆಸಬೇಕೋ, ಕಡುನೀಲಿಯೋ? ಶೇಡ್ ಕಾರ್ಡ್ ನೋಡಿ ಹೇಳುವುದು ಕಷ್ಟ. ಕಾರ್ಡಿಗೆ ಬಿದ್ದ ಬೆಳಕು ಒಮ್ಮೆ ಪುಟಿದು ಕಣ್ಣಿಗೆ ಬರುತ್ತದೆ. ಕೋಣೆಯಲ್ಲಿ ಅದು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ.

ತಿಳಿ ಕೆನೆಬಣ್ಣ ಬಿದ್ದ ಬೆಳಕಿನ ಸುಮಾರು 80% ವಾಪಸ್ ಕಳಿಸುತ್ತದೆ, ಕಡುನೀಲಿ ಹೆಚ್ಚೆಂದರೆ 10%. ನೆಲ, ಚಾವಣಿ, ಗೋಡೆ ಎಲ್ಲಕ್ಕೂ ಅದೇ ಬಣ್ಣ ಅಂತ ಇಟ್ಟುಕೊಳ್ಳಿ. ಕಿಟಕಿಯಿಂದ 100 ಪಾಲು ಬೆಳಕು ಬಂದರೆ ಕೆನೆ ಕೋಣೆಯಲ್ಲಿ ಅದು 80, 64, 51 ಎಂದು ಇಳಿಯುತ್ತಾ ಓಡಾಡುತ್ತದೆ. ಮೊದಲ 100 ಸೇರಿಸಿ ಎಲ್ಲ ಕೂಡಿಸಿದರೆ ಗೋಡೆಗಳ ಮೇಲೆ ಬೀಳುವುದು 500 ಪಾಲು. ನೀಲಿ ಕೋಣೆಯಲ್ಲಿ 10, 1, ಅಷ್ಟೇ, ಒಟ್ಟು 111. ಮಂಚ, ಬೀರು, ಕಿಟಕಿಯೂ ಬೆಳಕನ್ನು ನುಂಗುವುದರಿಂದ ನಿಜವಾದ ಕೋಣೆಯಲ್ಲಿ ಅಂತರ ಇಷ್ಟು ಇರುವುದಿಲ್ಲ. ಆದರೂ ಕಣ್ಣಿಗೆ ಹೊಡೆಯುವಷ್ಟು ಇರುತ್ತದೆ.

ಪುಟಿದಷ್ಟೂ ಬಣ್ಣ ಗಾಢವಾಗುತ್ತದೆ. ಕೆನೆಬಣ್ಣ ಕೆಂಪು ಬೆಳಕಿನ 85%, ನೀಲಿಯ 60% ವಾಪಸ್ ಕಳಿಸುತ್ತದೆ ಅನ್ನಿ. ಎರಡನೇ ಪುಟಿತಕ್ಕೆ ಅದು 72 ಮತ್ತು 36! ಕಾರ್ಡಿನಲ್ಲಿ ಬಿಳಿಯಂತಿದ್ದದ್ದು ಗೋಡೆಯ ಮೇಲೆ ಹಳದಿ ಅನ್ನಿಸುವುದು ಇದರಿಂದಲೇ. ಹಾಗಾಗಿ ಮೆಚ್ಚಿದ ಶೇಡಿಗಿಂತ ಒಂದು ಹೆಜ್ಜೆ ತಿಳಿಯದನ್ನೇ ಆರಿಸಿ.

ನೀಲಿ ಹೊಡೆಸಿದರೆ ಏಪ್ರಿಲ್‌ನಲ್ಲೂ ತಂಪು ಅನ್ನುವವರಿದ್ದಾರೆ. ಒಳಗೋಡೆಯ ಬಣ್ಣದಿಂದ ಸೆಕೆ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ತಾರಸಿಗೆ ಬಿಳಿ ಬಳಿಸಿ, ಅದು ನಿಜಕ್ಕೂ ಕೆಲಸ ಮಾಡುತ್ತದೆ.

ಎರಡೂ ಬಣ್ಣ ಬೇಕೇ? ಕಿಟಕಿಯ ಎದುರು ಗೋಡೆಗೆ ಕೆನೆ, ಚಾವಣಿಗೆ ಬಿಳಿ, ಬದಿಯ ಒಂದೇ ಗೋಡೆಗೆ ನೀಲಿ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ನೀಲಿಯ ಪಕ್ಕ ಕೆನೆ ಇನ್ನಷ್ಟು ಹಳದಿಯಾಗಿ ಕಾಣುತ್ತದೆ. ಗೋಡೆಗೆ ತೂಗುಹಾಕುವ ಚಿತ್ರಗಂಬಳಿ ನೇಯುವ ಫ್ರಾನ್ಸಿನ ಗೊಬ್ಲೆಂ ಕಾರ್ಖಾನೆಯಲ್ಲಿ ಬಣ್ಣಗಾರಿಕೆ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲ್‌ಗೆ ಕಪ್ಪು ನೂಲು ಸರಿಯಿಲ್ಲ ಎಂಬ ದೂರು ಬಂದಿತ್ತು. ನೂಲು ಸರಿಯಾಗಿಯೇ ಇತ್ತು, ಪಕ್ಕದ ಬಣ್ಣಗಳು ಅದರ ನೋಟ ಕೆಡಿಸಿದ್ದವು. 1839ರಲ್ಲಿ ಅವರು ಇದರ ಬಗ್ಗೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು.

ಹೊಡೆಸುವ ಮೊದಲು ಎರಡು ದೊಡ್ಡ ಹಲಗೆಗಳಿಗೆ ಎರಡೆರಡು ಕೋಟ್ ಬಳಿದು ಅದೇ ಕೋಣೆಯಲ್ಲಿ ಅಕ್ಕಪಕ್ಕ ಇಡಿ. ರಾತ್ರಿ ಬಲ್ಬ್ ಹಾಕಿಯೂ ನೋಡಿ. 2700 ಕೆಲ್ವಿನ್‌ನ ಹಳದಿ ಎಲ್‌ಇಡಿಯಲ್ಲಿ ನೀಲಿ ಬೆಳಕು ಕಡಿಮೆ, ಅದರಡಿ ಕಡುನೀಲಿ ಹೆಚ್ಚುಕಮ್ಮಿ ಕಪ್ಪಾಗಿಯೇ ಕಾಣುತ್ತದೆ.