ಇಮ್ಯುನಾಲಜಿಯಲ್ಲಿ ಪಿಎಚ್.ಡಿ.: ನೆಟ್ ಪಾಸಾದ ಮೇಲೆ

ಕಲಬುರಗಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನನ್ನ ಬಳಿಗೆ ಇಮ್ಯುನಾಲಜಿಯಲ್ಲಿ, ಅಂದರೆ ರೋಗನಿರೋಧ ಶಾಸ್ತ್ರದಲ್ಲಿ, ಪಿಎಚ್.ಡಿ. ಮಾಡಬಯಸಿ ಬರುವ ಎಂ.ಎಸ್ಸಿ. ವಿದ್ಯಾರ್ಥಿಗಳು ಹೆಚ್ಚಾಗಿ ವಿಚಾರಿಸುವುದು ಸಂಸ್ಥೆಯ ಹೆಸರನ್ನು ಮತ್ತು ಕಟ್-ಆಫ್ ಅಂಕವನ್ನು. ಯಾವ ರೋಗದ ಯಾವ ಪ್ರಶ್ನೆಯನ್ನು ಹಿಡಿಯಬೇಕೆಂದು ಕೇಳುವವರು ವಿರಳ. ಸಂದರ್ಶನದಲ್ಲಿ ಒರೆಗೆ ಹಚ್ಚುವುದು ಮಾತ್ರ ಅದನ್ನೇ.

ಸಂಶೋಧನೆಗೂ ಕಾಲೇಜು ಬೋಧನೆಗೂ ಅರ್ಹತೆ ಕೊಡುವ ರಾಷ್ಟ್ರೀಯ ಪರೀಕ್ಷೆಯಾದ ನೆಟ್‌ನ ಮಾತು ಬೇಗ ಮುಗಿಯುತ್ತದೆ. ಸಿಎಸ್‌ಐಆರ್ ನೆಟ್‌ನ ಜೀವವಿಜ್ಞಾನ ಪತ್ರಿಕೆ 200 ಅಂಕಗಳದ್ದು. ರೋಗನಿರೋಧ ವ್ಯವಸ್ಥೆ ಮತ್ತು ಸೋಂಕಿನ ವಿಷಯ ಪಠ್ಯಕ್ರಮದ ನಾಲ್ಕನೆಯ ಘಟಕದಲ್ಲಿವೆ. ಜೆಆರ್‌ಎಫ್ (ಅದರ ಮೂಲಕ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತವರಿಗೆ 2023ರ ಜನವರಿಯಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತವೆ. ಆದರೆ ಫೆಲೋಶಿಪ್ ಕೈಯಲ್ಲಿದ್ದ ಮಾತ್ರಕ್ಕೆ ಪ್ರವೇಶ ಸಿಕ್ಕಂತಲ್ಲ.

ನಮ್ಮ ಭಾಗದಲ್ಲಿ ಪ್ರಶ್ನೆಗೆ ಬರವಿಲ್ಲ. ಕುರಿ, ಆಡು, ಎಮ್ಮೆ ಸಾಕುವ ಮನೆಯವರು ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ಎಂದು ಬಂದಾಗ ಸಾಕುಪ್ರಾಣಿಗಳಿಂದ ಹರಡುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ರೋಗ, ಬ್ರುಸೆಲ್ಲೋಸಿಸ್, ಇರಬಹುದೇ ಎಂದು ನಾವು ಯೋಚಿಸಲೇಬೇಕಾಗುತ್ತದೆ. ರೋಗಾಣುಗಳನ್ನು ನುಂಗಿ ಅರಗಿಸಬೇಕಾದ ಮ್ಯಾಕ್ರೋಫೇಜ್ ಕೋಶದೊಳಗೇ ಈ ಬ್ಯಾಕ್ಟೀರಿಯಾ ನೆಲೆಯೂರಿ ಬೆಳೆಯುತ್ತದೆ. ಅದರ ಹೊರಕವಚದ ಲಿಪೋಪಾಲಿಸ್ಯಾಕರೈಡ್ ಎಂಬ ಕೊಬ್ಬು-ಸಕ್ಕರೆಯ ಅಣುವನ್ನು ನಮ್ಮ ಸಹಜ ರೋಗನಿರೋಧ ವ್ಯವಸ್ಥೆ ಬಲವಾಗಿ ಗುರುತಿಸುವುದಿಲ್ಲವಾದ್ದರಿಂದ ಎಚ್ಚರಿಕೆಯ ಸಂಕೇತವೂ ಕ್ಷೀಣವಾಗಿರುತ್ತದೆ. ಆರು ವಾರಗಳ ಎರಡು ಔಷಧಿಗಳ ಚಿಕಿತ್ಸೆಯ ನಂತರವೂ ಕೆಲವರಲ್ಲಿ ಅದು ಮರುಕಳಿಸುತ್ತದೆ, ಮನುಷ್ಯರಿಗೆ ಲಸಿಕೆಯಂತೂ ಇಲ್ಲ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಈ ರೋಗದ ವಿರುದ್ಧ ಎಸ್-19 ಲಸಿಕೆ ಹಾಕುತ್ತಾರೆ. ಆದರೆ ಲಸಿಕೆಯಿಂದ ಹುಟ್ಟಿದ ಪ್ರತಿಕಾಯವನ್ನೂ ಸೋಂಕಿನಿಂದ ಹುಟ್ಟಿದ್ದನ್ನೂ ರೋಸ್ ಬೆಂಗಾಲ್‌ನಂಥ ಸಾಮಾನ್ಯ ರಕ್ತಪರೀಕ್ಷೆ ಬೇರ್ಪಡಿಸಲಾರದು. ಎರಡನ್ನೂ ಬೇರ್ಪಡಿಸಬಲ್ಲ ಪ್ರತಿಜನಕ (ಪ್ರತಿಕಾಯ ಹುಟ್ಟಿಸುವ ರೋಗಾಣುವಿನ ಅಂಶ) ಯಾವುದು ಎಂಬ ಒಂದೇ ಪ್ರಶ್ನೆ ಪಿಎಚ್.ಡಿ. ಪ್ರಬಂಧವೊಂದಕ್ಕೆ ಸಾಕಾಗುವಷ್ಟು ದೊಡ್ಡದು.

ಇಂಥ ಪ್ರಶ್ನೆ ಹಿಡಿದವರು ದೂರ ಹೋಗಬೇಕಾಗಿಯೂ ಇಲ್ಲ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಪಶುರೋಗಗಳನ್ನು ಅಧ್ಯಯನ ಮಾಡುವ ಯಲಹಂಕದ ರಾಷ್ಟ್ರೀಯ ಸಂಸ್ಥೆ ನಿವೇದಿಯಲ್ಲಿಯೂ ಬ್ರುಸೆಲ್ಲಾ ಕುರಿತ ಕೆಲಸ ನಡೆಯುತ್ತದೆ. ಕ್ಷಯ ಅಥವಾ ವೈರಾಣುಗಳತ್ತ ಒಲವಿದ್ದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಾಂಕ್ರಾಮಿಕ ರೋಗ ಸಂಶೋಧನಾ ಕೇಂದ್ರ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ), ದೆಹಲಿಯ ರಾಷ್ಟ್ರೀಯ ಇಮ್ಯುನಾಲಜಿ ಸಂಸ್ಥೆ ಇವೆ. (ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿಯಿಂದ ಒಂದು ದಿಕ್ಕಿಗೆ ಪುಣೆಗೂ ಇನ್ನೊಂದು ದಿಕ್ಕಿಗೆ ಬೆಂಗಳೂರಿಗೂ ಮುಟ್ಟಿಸುತ್ತದೆ ಎಂದು ಪಾಲಕರಿಗೆ ನಾನು ಹೇಳುವುದುಂಟು.) ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ರಾಜ್ಯದ ವ್ಯವಸ್ಥೆಗೆ ಸೇರಿದ್ದು, ಬೀದರಿನದನ್ನು ಬಿಟ್ಟು ಉಳಿದ, ಕೇಂದ್ರದ ಈ ಸಂಸ್ಥೆಗಳಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ, ಪ್ರಮಾಣಪತ್ರ ನಂಬಿಕೊಂಡು ಕೂತವರಿಗೆ ಇದು ಮೊದಲೇ ಗೊತ್ತಿರಬೇಕು.

ಸಂದರ್ಶನಕ್ಕೆ ಮುನ್ನ ಪ್ರಯೋಗಾಲಯದ ರೂಢಿ ಬೇಕು. ಭಾರತೀಯ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಓದುತ್ತಿರುವಾಗಲೇ ಸಿಗುತ್ತದೆ, ಓದು ಮುಗಿದ ಮೇಲೆ ಪ್ರಾಜೆಕ್ಟ್ ಸಹಾಯಕ ಹುದ್ದೆಗಳಿವೆ. ಒಂದು ವರ್ಷ ಎಲೈಸಾ (ಪ್ರತಿಕಾಯ, ಪ್ರತಿಜನಕ ಪತ್ತೆಹಚ್ಚುವ ಪರೀಕ್ಷೆ) ಮಾಡಿ, ಕೋಶಗಳನ್ನು ಬೆಳೆಸಿ, ವಿಫಲವಾದ ಪ್ರಯೋಗದ ಕಾರಣ ಹುಡುಕಿದವರ ಉತ್ತರದಲ್ಲಿ ಗಟ್ಟಿತನ ಬೇರೆಯೇ ಇರುತ್ತದೆ. ವಿಜ್ಞಾನಿಗೆ ಪತ್ರ ಬರೆಯುವಾಗ "ಯಾವುದಾದರೂ ಅವಕಾಶವಿದ್ದರೆ ತಿಳಿಸಿ" ಎಂಬ ಸಾಲನ್ನು ಬಿಡಿ. ಅವರ ಇತ್ತೀಚಿನ ಒಂದು ಪ್ರಬಂಧ ಓದಿ, ಅದರಲ್ಲಿ ನಿಮಗೆ ತಿಳಿಯದೆ ಉಳಿದದ್ದನ್ನು ನಾಲ್ಕು ಸಾಲಿನಲ್ಲಿ ಕೇಳಿ.